ಸಮುದ್ರಕ್ಕೆ ಸೌಡಿ ಯಾರು?

ನಿವೃತ್ತರಾದ ಮೇಷ್ಟರುಗಳು ಬರೆಯುವ ಅನುಭವಗಳಲ್ಲಿ ಯಾವಾಗಲೂ ಬರೆದವರೇ ಗೆದ್ದಿರುತ್ತಾರೆ. ನಾನು ಸೋತ ಕಡೆಯಿಂದಲೇ ಶುರು ಮಾಡುತ್ತೇನೆ. ಸರ್ಕಾರಿ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟ ನಾನು, ಮೊದಲ ಎಂಟು ವರ್ಷ ಸಮುದ್ರವನ್ನೇ ನೋಡದೆ ಸಮುದ್ರದ ಪಾಠ ಮಾಡಿದೆ. ಅದೇನೂ ದೊಡ್ಡ ತಪ್ಪಲ್ಲ. ನಮ್ಮ ಇಲಾಖೆಯಲ್ಲಿ ಉತ್ತರ ಧ್ರುವ ನೋಡಿ ಬಂದವರು ಯಾರಿದ್ದಾರೆ? ಆದರೆ ನಾನು ನೋಡಿದ್ದೀನಿ ಎಂದು ಹೇಳಿಬಿಟ್ಟಿದ್ದೆ.

ಈಗ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಶ್ರೀರಂಗಪಟ್ಟಣದ ನಮ್ಮ ಮನೆಗೆ ಬಂದು, ಕಾಫಿ ಕುಡಿದು, "ಏನಾದರೂ ಕಿವಿಮಾತು ಹೇಳಿ ಮೇಡಂ" ಎನ್ನುತ್ತಾರೆ. ನನಗೆ ಗೊತ್ತಿರುವುದು ಒಂದೇ ಒಂದು ಮಾತು. ಅದನ್ನು ಕಲಿಯಲು ಐವತ್ತಮೂರು ಜೊತೆ ಚಪ್ಪಲಿ ಖರ್ಚಾಯಿತು.

ತೊಂಬತ್ತರ ದಶಕದ ಶುರು. ನನಗೆ ಮೊದಲ ಕೆಲಸ ಸಿಕ್ಕಿದ್ದು ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆ ಕಡೆಯ ಒಂದು ಹಳ್ಳಿಯಲ್ಲಿ. ನಾನು ಹುಟ್ಟಿದ್ದು ನಾಗಮಂಗಲದ ಬಯಲಿನಲ್ಲಿ. ಅಲ್ಲಿ ಒಂದು ಕೊಡ ನೀರು ಸೇದುವಷ್ಟರಲ್ಲಿ ಊರಿನ ಸುದ್ದಿಯೆಲ್ಲ ಮುಗಿದುಹೋಗುತ್ತಿತ್ತು, ಬಾವಿ ಅಷ್ಟು ಆಳ. ನಾನು ಕಂಡಿದ್ದ ದೊಡ್ಡ ನೀರೆಂದರೆ ಕೆ.ಆರ್.ಎಸ್. ಅದನ್ನೂ ಕಟ್ಟೆಯ ಮೇಲಿಂದ, ಅಪ್ಪನ ಕೈ ಹಿಡಿದುಕೊಂಡು, ಒಂದೇ ಸಲ ನೋಡಿದ್ದೆ.

ಎಂಟನೇ ಕ್ಲಾಸಿಗೆ ಸಾಗರಗಳ ಪಾಠ. ಭೂಮಿಯ ಮುಕ್ಕಾಲು ಭಾಗಕ್ಕೆ ಸ್ವಲ್ಪ ಕಡಿಮೆ ನೀರೇ ಇದೆ ಎಂದು ಬೋರ್ಡಿನ ಮೇಲೆ ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನವನು ಎದ್ದು ನಿಂತ.

"ಮೇಡಂ, ನೀವು ಸಮುದ್ರ ನೋಡಿದೀರಾ?"

ಹೊಸ ಕೆಲಸ, ಹೊಸ ಸೀರೆ, ನಲವತ್ತು ಜೊತೆ ಕಣ್ಣು. ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ಹೂಂ, ನೋಡಿದ್ದೀನಿ."

"ಎಂಗದೆ ಮೇಡಂ?"

"ಕೆ.ಆರ್.ಎಸ್. ನೋಡಿದ್ದೀಯಲ್ಲ? ಅಂಥವು ಸಾವಿರ ಸೇರಿಸು. ಆಚೆ ದಡ ತೆಗೆದುಬಿಡು."

"ದಡ ತೆಗುದ್ರೆ ನೀರೆಲ್ಲ ಅರ್‍ದು ಓಗಲ್ವಾ?"

"ಕೂತ್ಕೊ" ಎಂದೆ. ಉತ್ತರ ಗೊತ್ತಿಲ್ಲದ ಮೇಷ್ಟರ ಬಾಯಿಗೆ ದೇವರು ಕೊಟ್ಟ ವರ ಆ ಪದ.

ಸುಳ್ಳು ಹೇಳಿದರೆ ಮುಗಿಯಿತೇ? ಅದಕ್ಕೆ ಹುಲ್ಲು ನೀರು ಹಾಕಿ ಸಾಕಬೇಕು. ಮಾರನೆಯ ದಿನದಿಂದ ಪ್ರಶ್ನೆಗಳು ಶುರುವಾದವು. ಬಣ್ಣ ಹೇಗಿತ್ತು? ಕೆರೆ ಪಾಚಿಯ ಹಾಗೆ ಹಸಿರು ಎಂದೆ. ಇಳಿಯೋದು ಹೇಗೆ? ಶ್ರೀರಂಗಪಟ್ಟಣದ ಹೊಳೆಗೆ ಇರುವ ಹಾಗೆ ಕಲ್ಲಿನ ಮೆಟ್ಟಿಲಿವೆ ಎಂದೆ. ನೀರು ಎಂದ ಮೇಲೆ ಮೆಟ್ಟಿಲು ಇರಲೇಬೇಕಲ್ಲ ಎಂಬ ಧೈರ್ಯ. ಮೊದಲ ವರ್ಷ ಮೊಣಕಾಲುದ್ದ ಮಾತ್ರ ಇಳಿದಿದ್ದವಳು ಮೂರನೇ ವರ್ಷಕ್ಕೆ ಕುತ್ತಿಗೆಯವರೆಗೂ ಇಳಿದಿದ್ದೆ.

ಆ ಶಾಲೆಯಲ್ಲಿ ಒಂದು ಗ್ಲೋಬ್ ಇತ್ತು. ಹೆಡ್ಮಾಸ್ಟರು ಅದನ್ನು ಟವೆಲ್ಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಮಕ್ಕಳು ಮುಟ್ಟಿದರೆ ದೇಶಗಳು ಅಳಿಸಿಹೋಗುತ್ತವೆ ಎಂಬುದು ಅವರ ಭಯ. ಹಾಗಾಗಿ ನಾನು ಒಂದು ಕುಂಬಳಕಾಯಿ ತರಿಸಿ ಅದರ ಮೇಲೆ ಸೀಮೆಸುಣ್ಣದಲ್ಲಿ ಪ್ರಪಂಚ ಬರೆಸಿದೆ. ಅರಬ್ಬಿ ಸಮುದ್ರ ತೊಟ್ಟಿನ ಹತ್ತಿರ ಬಂತು. ಸಂಜೆ ಕುಂಬಳಕಾಯಿ ತಂದಿದ್ದ ಹುಡುಗಿ ಅದನ್ನು ಮನೆಗೆ ತೆಗೆದುಕೊಂಡು ಹೋದಳು. ಆವತ್ತು ಅವರ ಮನೆಯವರು ಐದು ಸಾಗರ ಸಮೇತ ಹುಳಿ ಮಾಡಿಕೊಂಡು ಉಂಡರು.

ಅಲೆಯ ಪಾಠಕ್ಕೆ ಮಕ್ಕಳನ್ನು ಊರ ಕೆರೆಗೆ ಕರೆದುಕೊಂಡು ಹೋದೆ. ಒಬ್ಬ ಈಜು ಕಲಿಯಲು ಸೊಂಟಕ್ಕೆ ಕಟ್ಟಿಕೊಳ್ಳುವ ಸೋರೆಬುರುಡೆ ತಂದಿದ್ದ. ಅದನ್ನು ನೀರಿಗೆ ಎಸೆದು, ಆಚೆ ಕಲ್ಲು ಹಾಕಿ, ಅಲೆ ಎಬ್ಬಿಸಿ ಬುರುಡೆಯನ್ನು ದಡಕ್ಕೆ ತರಿಸೋಣ ಎಂದೆ. ಅರ್ಧ ಗಂಟೆ ಕಲ್ಲು ಹಾಕಿದರು. ಅಲೆಗಳು ಒಂದರ ಹಿಂದೆ ಒಂದು ದಡಕ್ಕೆ ಬಂದವು. ಬುರುಡೆ ಮಾತ್ರ ಇದ್ದಲ್ಲೇ ಏಳುತ್ತ ಬೀಳುತ್ತ ನಮ್ಮನ್ನು ನೋಡಿ ತಲೆಯಾಡಿಸುತ್ತಿತ್ತು. ಆಗ ನನಗೇ ಪಾಠ ಅರ್ಥವಾಯಿತು. ಅಲೆ ಮುಂದಕ್ಕೆ ಓಡುತ್ತದೆ, ನೀರು ಇದ್ದಲ್ಲೇ ಸುತ್ತಿ ಕುಣಿಯುತ್ತದೆ. ಗಾಳಿಗೆ ರಾಗಿ ಹೊಲ ತೂಗಿದಾಗ ತೆನೆಗಳೇನು ಬದುವಿಗೆ ಬಂದುಬಿಡುತ್ತವೆಯೇ?

"ಅಂಗಾರೆ ಬುರುಡೆ ಬರಾಕಿಲ್ವಾ ಮೇಡಂ?" ಎಂದ ಬುರುಡೆಯ ಯಜಮಾನ.

"ಬರಲ್ಲ."

"ನಮ್ಮವ್ವುಂಗೆ ನೀವೇ ಯೋಳಿ."

ಹೇಳಿದೆ. ಅವರವ್ವ ನನಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಅಲೆ ನೀರನ್ನು ಹೊತ್ತು ತರುವುದಿಲ್ಲ ಎಂಬ ಆ ಜ್ಞಾನ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಮುಂದೆ ನನ್ನ ಮಾನ ಕಳೆದದ್ದು ಅದೇ.

ನಾಲ್ಕು ವರ್ಷದ ಮೇಲೆ ಪಾಂಡವಪುರ ತಾಲ್ಲೂಕಿನ ಒಂದು ನಾಲೆ ಬಯಲಿನ ಊರಿಗೆ ವರ್ಗವಾಯಿತು. ನಾಗಮಂಗಲದವಳಿಗೆ ಅದು ಸ್ವರ್ಗ. ಕಿಟಕಿ ತೆಗೆದರೆ ನಾಲೆ, ನಾಲೆಯ ಆಚೆ ಕಬ್ಬು. ಅಲ್ಲಿನ ಮಕ್ಕಳು ನೀರಿನ ವಿಷಯದಲ್ಲಿ ಮೇಷ್ಟರನ್ನು ಸುಲಭಕ್ಕೆ ನಂಬುವವರಲ್ಲ. ಅದರಲ್ಲೂ ಎಂಟನೇ ಕ್ಲಾಸಿನ ಸವಿತ. ಅವಳ ಅಪ್ಪ ನಿಂಗೇಗೌಡರು ಆ ನಾಲೆಯ ಸೌಡಿ. ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಸೌಡಿಯ ಕೆಲಸ. ಮೇಲಿನ ಗದ್ದೆಯವನು ನೀರು ಹೆಚ್ಚಾಯಿತು ಎಂದೂ ಕೆಳಗಿನವನು ಸಾಲದು ಎಂದೂ ಬೈಯುತ್ತಾರೆ. ಬೈಸಿಕೊಳ್ಳುವುದು ಒಬ್ಬನೇ ಸೌಡಿ.

ಸಾಗರ ಪ್ರವಾಹಗಳ ಪಾಠದ ದಿನ ಸವಿತ ಕೇಳಿದಳು.

"ಮೇಡಂ, ನಾಲೆನಾಗೆ ಇಳಿಜಾರು ಅದೆ, ನೀರು ಅರೀತದೆ. ಸಮುದ್ರ ಮಟ್ಟಸವಾಗದೆ ಅಂತೀರ. ಇಳಿಜಾರೇ ಇಲ್ದೆ ನೀರು ಎಂಗೆ ಓಯ್ತದೆ?"

ಈ ಸಲ ಕೂತ್ಕೊ ಎನ್ನಲಿಲ್ಲ. ನಾಳೆ ಹೇಳ್ತೀನಿ ಎಂದು ಮನೆಗೆ ಹೋಗಿ ಪುಸ್ತಕ ತೆಗೆದು ಕೂತೆ. ಮಾರನೆಯ ದಿನ ಕ್ಲಾಸಿಗೆ ಒಂದು ಅಗಲವಾದ ಪರಾತ ತಂದು, ನೀರು ತುಂಬಿಸಿ, ಮೇಲೆ ಚಿಟಿಕೆ ರಾಗಿ ಹೊಟ್ಟು ಉದುರಿಸಿದೆ. ಒಲೆ ಊದುವ ಊದುಗೊಳವೆಯನ್ನು ಸವಿತಳ ಕೈಗೆ ಕೊಟ್ಟು, ಒಂದೇ ದಿಕ್ಕಿಗೆ ಮೆಲ್ಲಗೆ ಊದು ಎಂದೆ. ಹೊಟ್ಟು ನಡುವೆ ಓಡಿತು, ಆಚೆ ಅಂಚಿಗೆ ತಗುಲಿತು, ಎರಡು ಕಡೆಗೂ ಒಡೆದು ಅಂಚಿನ ಗುಂಟ ಸುತ್ತಿಕೊಂಡು ಅವಳ ಹತ್ತಿರಕ್ಕೇ ವಾಪಸ್ಸು ಬಂತು. ಗಾಳಿ ತಳ್ಳುತ್ತದೆ, ದಡ ತಿರುಗಿಸುತ್ತದೆ, ಭೂಮಿ ತಾನೂ ತಿರುಗುತ್ತ ಸ್ವಲ್ಪ ಪಕ್ಕಕ್ಕೆ ಎಳೆಯುತ್ತದೆ ಎಂದೆ. ಇನ್ನೊಂದು ತಮಾಷೆಯೂ ಇತ್ತು. ಒಂದು ಲೋಟದ ನೀರಿಗೆ ಹಿಡಿ ಉಪ್ಪು ಮತ್ತು ಬಟ್ಟೆಗೆ ಹಾಕುವ ನೀಲಿ ಕಲಸಿ ಪರಾತದ ಅಂಚಿನಿಂದ ಮೆಲ್ಲಗೆ ಬಿಟ್ಟರೆ, ನೀಲಿ ನೀರು ತಳ ಹಿಡಿದು ಹಾವಿನ ಹಾಗೆ ಸಾಗಿತು. ಉಪ್ಪು ಹೆಚ್ಚಾದ ನೀರು, ತಣ್ಣಗಾದ ನೀರು ಭಾರ. ಅದು ಕೆಳಗಿಳಿದು ತಳದಲ್ಲಿ ನಿಧಾನಕ್ಕೆ ನಡೆಯುತ್ತದೆ. ಬೆಚ್ಚಗಿನದು ಮೇಲೆ ಹರಿಯುತ್ತದೆ.

"ಬೆಚ್ಚುಗೆ ಅಂದ್ರೆ ಎಷ್ಟು ಮೇಡಂ? ಮುದ್ದೆಗೆ ಎಸರಿಡಬೌದಾ?" ಎಂದೊಬ್ಬ ಕೇಳಿದ. ಕ್ಲಾಸು ನಕ್ಕಿತು. ಆ ನಗುವಿನ ಭರದಲ್ಲಿ ಊದುಗೊಳವೆ ಹಿಡಿದಿದ್ದ ಇನ್ನೊಬ್ಬ ಎದೆ ತುಂಬ ಉಸಿರೆಳೆದು ಊದಿದ. ಗದ್ದಲವೇನೆಂದು ನೋಡಲು ಬಾಗಿಲಲ್ಲಿ ಬಂದು ಬಗ್ಗಿದ್ದ ಅಲ್ಲಿನ ಹೆಡ್ಮಾಸ್ಟರ ಬಿಳಿ ಅಂಗಿಯ ಮೇಲೆ ಅರಬ್ಬಿ ಸಮುದ್ರ ಮೂಡಿತು. ಅವರು ಅಂಗಿ ನೋಡಿಕೊಂಡು, "ಜಯಮ್ಮನೋರೆ, ಇದು ಯಾವ ಪಾಠ?" ಎಂದರು. "ಮೇಲ್ಮೈ ಪ್ರವಾಹ ಸಾರ್" ಎಂದೆ. "ಒಗೆದರೆ ಹೋಗುತ್ತೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಕಲೆ ಹೋಗಲಿಲ್ಲ. ಆ ಅಂಗಿಯನ್ನು ಅವರು ನನ್ನನ್ನು ಕಂಡಾಗಲೆಲ್ಲ ನೆನಪಿಸುತ್ತಿದ್ದರು.

ಆಮೇಲೆ ಬಂದದ್ದು ಉಬ್ಬರವಿಳಿತ. ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ಏರಿಕೆಗೂ ಇಳಿತಕ್ಕೂ ನಡುವೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು ಎಂದೆ.

"ಯಾರು ತೂಬು ಎತ್ತೋರು ಮೇಡಂ? ಸಮುದ್ರಕ್ಕೆ ಸೌಡಿ ಯಾರು?" ಎಂದಳು ಸವಿತ. ಕೀಟಲೆಗೆ ಕೇಳಿದ್ದಲ್ಲ. ನಾಲೆ ಊರಿನಲ್ಲಿ ನೀರು ತಾನಾಗಿ ಏರುವುದಿಲ್ಲ.

"ಚಂದ್ರ" ಎಂದೆ. ಅವನು ಎಳೆಯುತ್ತಾನೆ, ನೀರು ಉಬ್ಬುತ್ತದೆ. ಆ ಹೋಲಿಕೆ ಎಷ್ಟು ಚೆನ್ನಾಗಿ ಹತ್ತಿತೆಂದರೆ, ಆ ವರ್ಷ ಪಾಠ ಹೇಳುವುದೇ ಸಲೀಸಾಯಿತು. ವಿಷಯ ಪರಿವೀಕ್ಷಕರು ತಪಾಸಣೆಗೆ ಬರುವವರೆಗೆ.

ಅವರು ಮೈಸೂರಿನ ಕಡೆಯವರು. ಮುಂದಿನ ಬೆಂಚಿನ ಹುಡುಗನನ್ನು ಎಬ್ಬಿಸಿ, "ಉಬ್ಬರವಿಳಿತಗಳಿಗೆ ಕಾರಣವೇನು?" ಎಂದು ಕೇಳಿದರು.

"ಚಂದ್ರ ಸಾ. ಸಮುದ್ರದ ಸೌಡಿ ಅವ್ನೇಯ. ದಿನಕ್ಕೆ ಎರಡು ಕಿತ ತೂಬು ಎತ್ತನೆ, ಎರಡು ಕಿತ ಇಳಿಸ್ತನೆ."

"ಹುಣ್ಣಿಮೆ ಅಮಾವಾಸ್ಯೆಗೆ ಏನಾಗುತ್ತದೆ?"

"ಆವತ್ತು ಸೂರ್ಯನೂ ಕೈ ಹಾಕ್ತನೆ ಸಾ. ಇಬ್ರೂ ಸೇರಿ ಎತ್ತುದ್ರೆ ತೂಬು ಪೂರಾ ಏಳ್ತದೆ."

ಪರಿವೀಕ್ಷಕರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಸಂದರ್ಶನ ಪುಸ್ತಕದಲ್ಲಿ "ಉದಾಹರಣೆಗಳಲ್ಲಿ ಶಿಸ್ತು ಅಗತ್ಯ" ಎಂದು ಬರೆದರು. ಜೀಪು ಹತ್ತುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದು, "ಉತ್ತರವೇನೋ ಸರಿಯಾಗಿಯೇ ಇತ್ತು. ಆದರೆ ಈ ಸೌಡಿ ಅಂದರೆ ಯಾರಮ್ಮ?" ಎಂದು ಪಿಸುಗುಟ್ಟಿದರು.

ಎರಡು ದಿನದ ಮೇಲೆ ನಿಂಗೇಗೌಡರೇ ಶಾಲೆಗೆ ಬಂದರು. ಹೆಗಲ ಮೇಲಿನ ಟವೆಲ್ಲು ಕೈಗೆ ಬಂದಿತ್ತು. ಜಗಳಕ್ಕೆ ಬಂದರು ಎಂದೇ ಅಂದುಕೊಂಡೆ.

"ಮೇಡಮ್ನೋರೆ, ಚಂದ್ರನ್ನ ಸೌಡಿ ಅಂದ್ರಂತೆ?"

"ತಪ್ಪಾಯ್ತು ಗೌಡ್ರೆ. ಮಕ್ಕಳಿಗೆ ಅರ್ಥವಾಗಲಿ ಅಂತ..."

"ತೆಪ್ಪೇನಿಲ್ಲ ಬುಡಿ. ಒಂದ್ಮಾತು ಕೇಳಾನ ಅಂತ ಬಂದೆ. ಅವ್ನು ಒತ್ತಿಗೆ ಸರಿಯಾಗಿ ಎತ್ತನಾ?"

"ಹೊತ್ತು ಅಂದರೆ ಹೊತ್ತು. ದಿನಾ ಐವತ್ತು ನಿಮಿಷ ತಡ ಮಾಡ್ತಾನೆ. ಆ ತಡಕ್ಕೂ ಲೆಕ್ಕ ಇದೆ."

"ಯಾರೂ ಬಯ್ಯಾಕಿಲ್ವಾ?"

"ಯಾರೂ ಇಲ್ಲ."

"ಪುಣ್ಯವಂತ" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು.

ಇಷ್ಟೆಲ್ಲ ಆಗುವಾಗ ಸವಿತ ಸದ್ದಿಲ್ಲದೆ ಒಂದು ಕೆಲಸ ಮಾಡುತ್ತಿದ್ದಳು. ಅವಳ ನೋಟ್‌ಬುಕ್ಕಿನ ಕೊನೆಯಲ್ಲಿ ಒಂದು ಪುಟ ಇತ್ತು. ತಲೆಬರಹ "ಮೇಡಂ ನೋಡಿದ್ದು." ಒಂದು ದಿನ ತಿದ್ದಲು ತೆಗೆದುಕೊಂಡಾಗ ಕಣ್ಣಿಗೆ ಬಿತ್ತು. ಹಸಿರು ಬಣ್ಣ. ಕಲ್ಲಿನ ಮೆಟ್ಟಿಲು. ಇಳಿತದಲ್ಲಿ ನೀರು ಹತ್ತು ಮಾರು ಹಿಂದಕ್ಕೆ ಹೋಗುತ್ತದೆ. ನಾನು ಬಾಯಿಗೆ ಬಂದದ್ದನ್ನು ಹೇಳಿದ್ದೆ, ಅವಳು ದುಂಡಗಿನ ಅಕ್ಷರದಲ್ಲಿ ಬರೆದುಕೊಂಡಿದ್ದಳು.  ಕೆಳಗೆ ಕೆಂಪು ಮಸಿಯಲ್ಲಿ ಸರಿ ಗುರುತು ಹಾಕಿ ರುಜು ಮಾಡಿದೆ. ಬೇರೆ ದಾರಿ ಇರಲಿಲ್ಲ.

ಸವಿತ ಹತ್ತನೇ ಕ್ಲಾಸಿಗೆ ಬಂದ ವರ್ಷ ಊರಿನವರೆಲ್ಲ ಸೇರಿ ತೀರ್ಮಾನ ಮಾಡಿಬಿಟ್ಟರು. ಪ್ರವಾಸಕ್ಕೆ ಸಮುದ್ರ. ನಾನು ಸಂಗಮ ಹೇಳಿದೆ, ರಂಗನತಿಟ್ಟು ಹೇಳಿದೆ, ಅದೂ ನೀರೇ ಅಲ್ಲವೇ ಎಂದು ವಾದಿಸಿದೆ. ಹೆಡ್ಮಾಸ್ಟರು, "ನೀವು ಹೋಗಿ ಬಂದವರು, ಜಾಗ ಗೊತ್ತಿರೋರು. ನಿಮಗೇನು ಭಯ?" ಎಂದರು. ಹೆಣ್ಣುಮಕ್ಕಳು ಬರುತ್ತಾರೆಂದು ಹಿರಿಯರಾಗಿ ನಿಂಗೇಗೌಡರೂ ಹೊರಟರು. ಬಸ್ಸು ಸಂಜೆ ಬೆಳ್ಳೂರು ಕ್ರಾಸಿನಲ್ಲಿ ಟೀಗೆ ನಿಂತಾಗ, ನಮ್ಮೂರಿನ ಕಡೆಗೆ ಹೋಗುವ ಇನ್ನೊಂದು ಬಸ್ಸು ಪಕ್ಕದಲ್ಲೇ ನಿಂತಿತ್ತು. ಅದನ್ನು ಹತ್ತಿ ಅವ್ವನ ಮನೆಗೆ ಓಡಿಬಿಡಲೇ ಎಂದು ನಿಜವಾಗಿಯೂ ಒಂದು ಕಾಲು ಎತ್ತಿದ್ದೆ. ಸವಿತ ನನ್ನ ಪರ್ಸು ತಂದು ಕೊಟ್ಟಳು. "ಮರೆತಿದ್ರಿ ಮೇಡಂ."

ಬೆಳಿಗ್ಗೆ ಬಸ್ಸು ಕರಾವಳಿಯ ಒಂದು ಮರಳ ದಂಡೆಯ ಹತ್ತಿರ ನಿಂತಿತು. ಆಶ್ಚರ್ಯಪಡಬಾರದು, ಬಹಳ ಸಲ ನೋಡಿದವಳ ಹಾಗೆ ಇಳಿಯಬೇಕು ಎಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ. ಇಳಿದೆ. ನೋಡಿದೆ. "ಅಯ್ಯೋ ನಮ್ಮಪ್ಪನೇ!" ಎಂದು ಕೂಗಿದೆ. ನೀರು ನನ್ನ ತಲೆಗಿಂತ ಎತ್ತರಕ್ಕೆ ಎದ್ದು ನಿಂತ ಹಾಗೆ ಕಾಣುತ್ತಿತ್ತು. ಮಕ್ಕಳೆಲ್ಲ ಸಮುದ್ರ ನೋಡುತ್ತಿದ್ದರು. ಸವಿತ ನನ್ನನ್ನು ನೋಡುತ್ತಿದ್ದಳು.

"ಮೇಡಂ, ಮೆಟ್ಲು?"

"ಮರಳು ಮುಚ್ಚಿಕೊಂಡಿರಬೇಕು ಕಣೆ."

ನಮ್ಮ ಕಡೆ ಕಾವೇರಿಗೆ ಚಪ್ಪಲಿ ಮೆಟ್ಟಿಕೊಂಡು ಇಳಿಯುವುದಿಲ್ಲ. ಹೊಳೆಯೋ ನಾಲೆಯೋ, ನೀರಿನ ಅಂಚಿನಲ್ಲಿ ಚಪ್ಪಲಿ ಬಿಟ್ಟು, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿಯುತ್ತೇವೆ. ನಾಲೆಯ ಅಂಚು ಎಲ್ಲಿಗೂ ಹೋಗುವುದಿಲ್ಲ, ಚಪ್ಪಲಿಯೂ ಎಲ್ಲಿಗೂ ಹೋಗುವುದಿಲ್ಲ. ನಾನು ಶಿಸ್ತಿನ ಮೇಡಂ ಬೇರೆ. ನೀರಿಗೆ ನಾಲ್ಕು ಹೆಜ್ಜೆ ದೂರದಲ್ಲಿ ಐವತ್ತಮೂರು ಜೊತೆಯನ್ನೂ ಕ್ಲಾಸುವಾರು ಸಾಲಾಗಿ ಇಡಿಸಿದೆ. ಮೊದಲ ಸಾಲಿನಲ್ಲಿ ಹೆಡ್ಮಾಸ್ಟರ ಹೊಸ ಚರ್ಮದ ಚಪ್ಪಲಿ.

ಸ್ವಲ್ಪ ಹೊತ್ತಿಗೆ ನಿಂಗೇಗೌಡರು ಬಂದರು.

"ಮೇಡಮ್ನೋರೆ, ನೀರು ಏರ್ತಾ ಅದೆ."

"ಅದು ಅಲೆ ಗೌಡ್ರೆ. ಬಂದದ್ದು ವಾಪಸ್ಸು ಹೋಗುತ್ತೆ. ನೀರು ಇದ್ದಲ್ಲೇ ಇರುತ್ತೆ" ಎಂದೆ. ಸೋರೆಬುರುಡೆಯ ಜ್ಞಾನ.

"ಅಂಗಂತೀರಾ? ನಂಗ್ಯಾಕೋ ಏರ್‍ದಂಗೆ ಕಾಣ್ತದೆ" ಎಂದು ಅವರು ಪುಳಿಯೋಗರೆಯ ಪಾತ್ರೆಯನ್ನು ಮಾತ್ರ ಹೊತ್ತು ಮೇಲಕ್ಕೆ ಇಟ್ಟು ಬಂದರು. ಓದಿದವಳ ಮಾತಿಗೆ ಮರ್ಯಾದೆ ಕೊಟ್ಟು ಚಪ್ಪಲಿ ಮುಟ್ಟಲಿಲ್ಲ.

ಎಂಟು ವರ್ಷ ಉಬ್ಬರದ ಪಾಠ ಮಾಡಿದವಳ ಕಣ್ಣೆದುರಿಗೇ ಉಬ್ಬರ ಬಂತು. ಒಂದು ಉದ್ದನೆಯ ಅಲೆ ಎಂಟನೇ ಕ್ಲಾಸಿನ ಸಾಲನ್ನು ಎತ್ತಿಕೊಂಡಿತು, ಮುಂದಿನದು ಒಂಬತ್ತನೇ ಕ್ಲಾಸು. ಮಕ್ಕಳು ಕೇಕೆ ಹಾಕಿಕೊಂಡು ಓಡಿದರು. ನೂರಾ ಆರು ಚಪ್ಪಲಿ ನೀರಿನ ಮೇಲೆ ಪ್ರವಾಸ ಹೊರಟಿದ್ದವು. ಒಂದಿಪ್ಪತ್ತು ಕೈಗೆ ಸಿಕ್ಕವು, ಯಾವುದಕ್ಕೂ ಜೊತೆ ಇಲ್ಲ. ಊರಿಗೆ ಮರಳಿದ ಮೇಲೆ ತಾಯಂದಿರು, "ಚಪ್ಲಿ ಎಲ್ಲ?" ಎಂದರೆ ಮಕ್ಕಳು, "ಚಂದ್ರ ತೂಬು ಎತ್ಬುಟ್ಟ" ಎಂದರಂತೆ. ಹೆಡ್ಮಾಸ್ಟರು ಅಲ್ಲೇ ಬರಿಗಾಲಲ್ಲಿ ನಿಂತು, "ಮೊದಲು ಅಂಗಿ, ಈಗ ಚಪ್ಪಲಿ" ಎಂದರು.

ಎಲ್ಲರೂ ನಗುತ್ತಿದ್ದರು. ಸವಿತ ನಗಲಿಲ್ಲ. ಚೀಲದಿಂದ ನೋಟ್‌ಬುಕ್ಕು ತೆಗೆದು ನನ್ನ ಪಕ್ಕ ಬಂದು ನಿಂತಳು.

"ಮೆಟ್ಲು ಇಲ್ಲ. ನೀರು ಅಸ್ರುಗಿಲ್ಲ. ನೀರು ಏರಾದು ನಮ್ಮಪ್ಪಂಗೆ ಗೊತ್ತಾಯ್ತು, ನಿಮ್ಗೆ ಗೊತ್ತಾಗ್ನಿಲ್ಲ. ಮೇಡಂ, ನೀವು ನೋಡೇ ಇಲ್ಲ, ಅಲ್ವಾ?"

"ಇಲ್ಲ ಕಣೆ" ಎಂದೆ. "ಇವತ್ತೇ ಮೊದಲು."

"ಅಂಗಾರೆ ಚಂದ್ರಂದು? ಆರು ಗಂಟೆದು?"

"ಅದು ನಿಜ. ಪುಸ್ತಕದಲ್ಲಿದೆ."

"ಅದ್ನೂ ನೀವು ನೋಡಿಲ್ವಲ್ಲ." ಅವಳು ನೋಟ್‌ಬುಕ್ಕು ಮುಚ್ಚಿದಳು. "ಗ್ರಾಣ ಅಂದ್ರೆ ಬರೀ ನೆಳ್ಳು ಅಂದಿದ್ರಿ. ನಿಮ್ಮಾತು ನಂಬ್ಕಂಡು ಗ್ರಾಣದ ದಿನ ಉಂಡೆ ಮೇಡಂ. ನಮ್ಮಜ್ಜಿ ಮೂರು ದಿನ ಮಾತಾಡಿಸ್ನಿಲ್ಲ ನನ್ನ."

ನನಗೆ ನಾಚಿಕೆಯಾಯಿತು. ಅಳುವೂ ಬಂತು. ಮೆಟ್ಟಿಲಿನ ಸುಳ್ಳು ಹೋದರೆ ಹೋಗಲಿ. ಆದರೆ ಅದರ ಜೊತೆಗೆ ನಾನು ಹೇಳಿದ ನಿಜವೆಲ್ಲ ಈ ಹುಡುಗಿಯ ಪಾಲಿಗೆ ತೇಲಿಹೋಗುತ್ತಿತ್ತು. ಗ್ರಹಣ, ಪ್ರವಾಹ, ಭೂಮಿ ತಿರುಗುವುದು, ಎಲ್ಲ.

ನಿಂಗೇಗೌಡರು ಮಧ್ಯೆ ಬಂದರು. "ಬಾಯ್ನಾಗೆ ಯಾಕವ್ವಾ ಜಗಳ? ಕಡ್ಡಿ ನೆಡಾನ."

ನಾಲೆ ಬಯಲಿನಲ್ಲಿ ಇಬ್ಬರು ರೈತರು ನೀರು ಏರಿತು, ಇಳಿಯಿತು ಎಂದು ಜಗಳವಾಡಿದರೆ ಸೌಡಿ ನೀರಿನ ಅಂಚಿಗೆ ಒಂದು ಕಡ್ಡಿ ನೆಡುತ್ತಾನೆ. ಕಡ್ಡಿ ನೆಟ್ಟ ಮೇಲೆ ಇಬ್ಬರೂ ಬಾಯಿ ಮುಚ್ಚಿಕೊಂಡು ಕೂರಬೇಕು. ಕಡ್ಡಿ ಹೇಳಿದ್ದೇ ನ್ಯಾಯ. ಗೌಡರು ಒಂದು ತೆಂಗಿನ ಗರಿಯ ದಂಟು ಮುರಿದು ನೀರು ತಾಗುವಲ್ಲಿ ನೆಟ್ಟರು.

"ಪುಸ್ತಕದ ಪ್ರಕಾರ ಇಳೀಬೇಕು. ಇಳುದ್ರೆ ನಂಬ್ತೀನಿ" ಎಂದಳು ಸವಿತ.

ಮಧ್ಯಾಹ್ನದ ದೇವಸ್ಥಾನ ತಪ್ಪಿತು ಎಂದು ಡ್ರೈವರು ಹಾರ್ನು ಬಾರಿಸಿದ. ಹೆಡ್ಮಾಸ್ಟರು, ಆ ಕಾದ ರಸ್ತೆಯಲ್ಲಿ ಬರಿಗಾಲಲ್ಲಿ ನಾನೆಲ್ಲಿಗೂ ಬರುವುದಿಲ್ಲ ಎಂದು ಮರದ ನೆರಳು ಹಿಡಿದರು. ನಾನು, ಸವಿತ, ಗೌಡರು ಕಡ್ಡಿ ಕಾಯುತ್ತ ಕೂತೆವು. ನೀರು ಕಡ್ಡಿ ದಾಟಿ ಇನ್ನೂ ಎರಡು ಹೆಜ್ಜೆ ಮೇಲೆ ಬಂತು.  ಪುಸ್ತಕ ಬರೆದವರೂ ನನ್ನ ಹಾಗೇ ನೋಡದೆ ಬರೆದಿದ್ದರೆ? ಕರಾವಳಿಯ ಚಂದ್ರನಿಗೆ ಬೇರೆ ಲೆಕ್ಕವಿದ್ದರೆ? ಕೆಲಸಕ್ಕೆ ಸೇರಿದ ದಿನ ಕೂಡ ನಾನು ದೇವರನ್ನು ಅಷ್ಟು ಬೇಡಿಕೊಂಡಿರಲಿಲ್ಲ.

ಊಟದ ಹೊತ್ತಿಗೆ ನೀರು ಏರುವುದು ನಿಂತಿತು. ಪುಳಿಯೋಗರೆ ತಿಂದು ಕೈ ತೊಳೆಯುವಷ್ಟರಲ್ಲಿ ಕಡ್ಡಿಯ ಬುಡ ಒಂದು ಸಲ ಕಂಡು ಮುಚ್ಚಿತು. ಮತ್ತೆ ಕಂಡಿತು. ಆಮೇಲೆ ಮುಚ್ಚಲೇ ಇಲ್ಲ. ಗೌಡರು ಎದ್ದು ನಿಂತು, "ಇಳಿಸ್ದ ಕಣವ್ವಾ! ಒತ್ತಿಗೆ ಸರಿಯಾಗಿ ಇಳಿಸ್ದ!" ಎಂದು ಸ್ವಂತ ಕುಲದವನನ್ನು ಹೊಗಳುವ ಹಾಗೆ ಹೊಗಳಿದರು. ಇಳಿ ಹೊತ್ತಾಗುವಷ್ಟರಲ್ಲಿ ನೀರು ದೂರಕ್ಕೆ ಹೋಗಿತ್ತು, ಒದ್ದೆ ಮರಳಿನ ಮೇಲೆ ಅಲ್ಲೊಂದು ಇಲ್ಲೊಂದು ಚಪ್ಪಲಿ ಬಿದ್ದಿದ್ದವು. ಹೆಡ್ಮಾಸ್ಟರದು ಒಂದು ಸಿಕ್ಕಿತು.

ಸವಿತ ಎರಡು ಕೈ ಚಾಚಿ ಕಡ್ಡಿಯಿಂದ ನೀರಿನವರೆಗೆ ಮಾರು ಹಾಕುತ್ತ ಹೋದಳು. ಹನ್ನೆರಡು ಮಾರು. ವಾಪಸ್ಸು ಬರುವಾಗ ಮುಖ ಸಡಿಲವಾಗಿತ್ತು.

"ಅತ್ತು ಮಾರು ಅಂದಿದ್ರಿ. ಅದೊಂದು ಅತ್ರುಕ್ಕೆ ಬಂದದೆ" ಎಂದಳು.

ಈಗಿನ ಮೇಷ್ಟರುಗಳು ಫೋನಿನಲ್ಲೇ ಸಮುದ್ರ ತೋರಿಸುತ್ತಾರೆ, ನನ್ನ ಪರಾತಕ್ಕಿಂತ ಚೆನ್ನಾಗಿಯೇ ತೋರಿಸುತ್ತಾರೆ. ಆದರೂ ಹಿಂದಿನ ಬೆಂಚಿನಿಂದ ಆ ಪ್ರಶ್ನೆ ಬಂದೇ ಬರುತ್ತದೆ. ಆಗ ಇಲ್ಲ ಕಣೋ, ಓದಿದ್ದೀನಿ ಅಷ್ಟೆ, ನೋಡೋಣ ಬಾ ಎಂದುಬಿಡಿ. ಚಪ್ಪಲಿ ಉಳಿಯುತ್ತದೆ.

ಸವಿತ ಕಡ್ಡಿಯನ್ನು ಕಿತ್ತು ಮರಳು ಒದರಿ ನನ್ನ ಕೈಗಿಟ್ಟಳು.

"ಈಗ ಅನ್ನಿ ಮೇಡಂ."

"ಏನಂತ ಅನ್ನಲಿ?"

"ನೋಡಿದೀನಿ ಅಂತ ಅನ್ನಿ."

ನೂರಾರು ಸಲ ಸಲೀಸಾಗಿ ಅಂದಿದ್ದ ಮಾತು. ಆವತ್ತು ಇನ್ನೊಂದು ಸಲ ನೀರಿನ ಕಡೆ ತಿರುಗಿ ನೋಡಿಕೊಂಡು ಅಂದೆ. ಅವಳು "ಮೇಡಂ ನೋಡಿದ್ದು" ಪುಟ ತೆಗೆದು, ಹಳೆಯದೆಲ್ಲಕ್ಕೂ ಅಡ್ಡಗೆರೆ ಎಳೆದು, ಕೆಳಗೆ ಆ ದಿನದ ತಾರೀಖು ಹಾಕಿ "ಇಳಿತ ಹನ್ನೆರಡು ಮಾರು" ಎಂದು ಒಂದು ಸಾಲು ಬರೆದಳು. ಆಮೇಲೆ ನನ್ನ ಕೆಂಪು ಪೆನ್ನು ಇಸಿದುಕೊಂಡು, ಸರಿ ಗುರುತು ಹಾಕಿ, ತಾನೇ ರುಜು ಮಾಡಿದಳು.